ಐದು ಡಾಲರಿನ ಕೌದಿ

ಎರಡು ವರ್ಷದ ಹಿಂದೆ ಮನೆ ಬದಲಿಸುವಾಗ ನಾನೊಂದು ತಪ್ಪು ಮಾಡಿದೆ. ಸಾಮಾನು ಸಾಗಿಸೋಕೆ ಬಂದಿದ್ದ ಹುಡುಗರು, "ಸಾರ್, ಟಿವಿ ಸುತ್ತೋಕೆ ದಪ್ಪ ಬಟ್ಟೆ ಏನಾದ್ರೂ ಇದ್ಯಾ?" ಅಂದರು. ಮೇಲೆ ಅಟ್ಟದಲ್ಲಿ ನಮ್ಮಾಯಿಯ ಕೌದಿ ಇತ್ತು. ತೆಗೆದು ಕೊಟ್ಟೆ. ಟಿವಿ ಒಂದು ಗೀರೂ ಇಲ್ಲದೆ ಹೊಸ ಮನೆಗೆ ಬಂತು, ಕೌದಿ ಬರಲಿಲ್ಲ. ಒಂದು ಫೋನ್ ಮಾಡಿದ್ದರೆ ಸಿಗುತ್ತಿತ್ತೇನೋ. ಮಾಡಲಿಲ್ಲ. ವಾರ ಬಿಟ್ಟು ಮಾಡೋಣ ಅಂದ್ಕೊಂಡೆ, ಆಮೇಲೆ ಒಂದು ರಿಲೀಸ್ ಬಂತು, ಮರೆತೆ.

ಮೊನ್ನೆ ಚಳಿಗಾಲದಲ್ಲಿ ಅವ್ವ ಊರಿಂದ ಫೋನ್ ಮಾಡಿದಾಗ ಕೇಳಿದಳು: "ಆಯಿ ಕೌದಿ ಹೊಚ್ಗೋತೀಯೇನೋ ಯಪ್ಪಾ? ಆ ಬೆಂಗಳೂರು ಥಂಡಿಗೆ ಅದ ಬೇಷ್." ಹೂಂ ಅಂದುಬಿಟ್ಟೆ.

ಆ ಸುಳ್ಳು ಹೇಳಿದ ರಾತ್ರಿ ನಿದ್ದೆ ಬರದೆ ಕೌದಿ ಬಗ್ಗೆ ಏನೇನೋ ಓದುತ್ತಾ ಕೂತೆ. ಹಾಗೆ ಓದುತ್ತಾ ಓದುತ್ತಾ ಸಿಕ್ಕವಳು ಹ್ಯಾರಿಯೆಟ್ ಪವರ್ಸ್. ಅಮೆರಿಕದ ಜಾರ್ಜಿಯಾ ರಾಜ್ಯದವಳು. 1837ರ ಅಕ್ಟೋಬರ್ 29ರಂದು ಅಥೆನ್ಸ್ ಅನ್ನೋ ಊರಿನ ಹತ್ತಿರ ಗುಲಾಮಳಾಗಿ ಹುಟ್ಟಿದಳು. ತೀರಿಕೊಂಡದ್ದು 1910ರ ಜನವರಿ 1ಕ್ಕೆ. ಬದುಕಿದ್ದಾಗ ಹೊಲದ ಕೆಲಸ, ಮನೆಗೆಲಸ, ಮಕ್ಕಳು, ಮತ್ತೆ ಕೌದಿ. ಇಷ್ಟೇ. ಆದ್ರೆ ಅವಳು ಹೊಲಿದ ಎರಡು ಕೌದಿ ಇವತ್ತು ಅಮೆರಿಕದ ಎರಡು ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಒಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿ, ಇನ್ನೊಂದು ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಮ್ಮಿನಲ್ಲಿ.

ಕೌದಿ ಅಂದ್ರೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಧಾರವಾಡ, ಗದಗ ಕಡೆ ಹರಿದ ಬಟ್ಟೆಯನ್ನ ಯಾರೂ ಒಗೆಯುತ್ತಿರಲಿಲ್ಲ. ಇಳಕಲ್ ಸೀರೆಯ ಗಟ್ಟಿ ಉಳಿದ ಭಾಗ, ಅಪ್ಪನ ಧೋತರ, ನಮ್ಮ ಸಾಲಿ ಚಡ್ಡಿ, ಹಬ್ಬದ ಖಣದ ತುಂಡು, ಎಲ್ಲ ಒಂದು ಗಂಟಿನಲ್ಲಿ. ಸುಗ್ಗಿ ಮುಗಿದ ಮೇಲೆ ಆಯಿ ಆ ಗಂಟು ಬಿಚ್ಚುತ್ತಿದ್ದಳು. ನೆಲಕ್ಕೆ ಹಳೇ ಸೀರೆ ಹಾಸಿ, ಅದರ ಮೇಲೆ ತುಂಡು ಜೋಡಿಸಿ, ದಪ್ಪ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿಯುತ್ತಾ ಹೋಗೋದು. ಅಳತೆ ಪಟ್ಟಿ ಇಲ್ಲ, ಗೆರೆ ಇಲ್ಲ. ಕೆಂಪಿನ ಪಕ್ಕ ಯಾವುದು ಬರಬೇಕು ಅನ್ನೋದು ಮಾತ್ರ ಖಚಿತ. ನಾನು ಒಮ್ಮೆ ಸಹಾಯ ಮಾಡೋಕೆ ಹೋಗಿ ನೀಲಿ ಪಕ್ಕ ನೀಲಿ ಇಟ್ಟಾಗ "ಅಲ್ಲಿಡಬ್ಯಾಡ, ಅದು ಮಲಗತೈತಿ" ಅಂದಿದ್ದಳು. ಬಣ್ಣ ಮಲಗೋದು ಅಂದ್ರೇನು ಅಂತ ನನಗಿನ್ನೂ ಪೂರ್ತಿ ಗೊತ್ತಿಲ್ಲ. ನಮ್ಮ ಟೀಮಿನ ಡಿಸೈನರ್‌ಗೆ ಹೇಳಿದ್ರೆ ಅವಳಿಗೆ ತಕ್ಷಣ ಗೊತ್ತಾಯ್ತು.

ಹ್ಯಾರಿಯೆಟ್‌ಳ ಕತೆಗೆ ಬರೋಣ. 18ನೇ ವಯಸ್ಸಿಗೆ, 1855ರಲ್ಲಿ, ಆರ್ಮ್‌ಸ್ಟೆಡ್ ಪವರ್ಸ್ ಅನ್ನೋನ ಜೊತೆ ಮದುವೆ. ಹೆತ್ತದ್ದು ಕಡಿಮೆ ಅಂದ್ರೂ ಒಂಬತ್ತು ಮಕ್ಕಳು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಕಾನೂನಿನಿಂದಲೇ ಹೋದಾಗ, ಅಂದ್ರೆ 1865ರ ಕೊನೆಗೆ, ಅವಳಿಗೆ 28 ವರ್ಷ. ಅಲ್ಲಿಂದ ಮುಂದೆ ಗಂಡ ಹೆಂಡತಿ ದುಡಿದೂ ದುಡಿದೂ 1880ರ ದಶಕದ ಹೊತ್ತಿಗೆ ನಾಲ್ಕು ಎಕರೆ ಜಮೀನು ಮಾಡಿಕೊಂಡರು. ನಿನ್ನೆವರೆಗೆ ತಾವೇ ಇನ್ನೊಬ್ಬರ ಆಸ್ತಿಯಾಗಿದ್ದವರು ನಾಲ್ಕು ಎಕರೆ ಮಾಡೋದು ಅಂದ್ರೆ ಸಣ್ಣ ಮಾತಲ್ಲ.

ಅದು ಹತ್ತಿಯ ಸೀಮೆ. ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗೋಕೆ ನನಗೆ ಆಗಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೀಜವನ್ನೂ, ಅದನ್ನ ಬೆಳೆಯೋದು ಗೊತ್ತಿದ್ದ ಅಮೆರಿಕನ್ನರನ್ನೂ ಇಂಡಿಯಾಕ್ಕೆ ಕರೆಸಿದರು. ಬೇರೆ ಎಷ್ಟೋ ಕಡೆ ಅದು ಹತ್ತಲಿಲ್ಲ, ನಮ್ಮ ಧಾರವಾಡ ಜಿಲ್ಲೆಯ ಎರಿ ಹೊಲದಲ್ಲಿ ಹತ್ತಿತು. 'ಧಾರವಾರ್ ಅಮೆರಿಕನ್' ಅಂತಲೇ ಅದಕ್ಕೆ ಹೆಸರು ಬಂತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನ ಮುಚ್ಚಿಸಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಮುಂಬೈ ಪೇಟೆಯಲ್ಲಿ ದರ ಹಾರಿತು. ಹುಬ್ಬಳ್ಳಿ, ಗದಗ ಸುತ್ತಿನ ರೈತರು ನಾಲ್ಕು ವರ್ಷ ಕಂಡರಿಯದ ರೊಕ್ಕ ನೋಡಿದರು. 1865ರಲ್ಲಿ ಯುದ್ಧ ನಿಂತಿತು, ದರ ಬಿತ್ತು. ಅಂದ್ರೆ ಹ್ಯಾರಿಯೆಟ್‌ಳ ಬಿಡುಗಡೆಗೆ ಆದ ಯುದ್ಧ ನಮ್ಮೂರಿನ ಹತ್ತಿ ದರವನ್ನ ಏರಿಸಿ ಇಳಿಸಿತ್ತು. ಸಾಲಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಪಾಠದಲ್ಲಿ ಓದಿದ್ದೆ. ಒಂದೇ ದಾರ ಅಂತ ಯಾವ ಸರ್ರೂ ಹೇಳಿರಲಿಲ್ಲ.

1886ರಲ್ಲಿ ಅಥೆನ್ಸ್‌ನಲ್ಲಿ ಹತ್ತಿ ಜಾತ್ರೆ ನಡೆಯಿತು. ನಮ್ಮ ಕೃಷಿ ಮೇಳದ ಥರ ಅಂದ್ಕೊಳ್ಳಿ. ಹ್ಯಾರಿಯೆಟ್ ತನ್ನ ಕೌದಿಯನ್ನ ಅಲ್ಲಿ ಇಟ್ಟಳು. ಹನ್ನೊಂದು ಚೌಕದಲ್ಲಿ ಬೈಬಲ್ಲಿನ ಕತೆಗಳು: ತೋಟದಲ್ಲಿ ಆದಮ್ ಮತ್ತು ಈವ್, ಅಣ್ಣ ತಮ್ಮನನ್ನ ಕೊಲ್ಲೋದು, ಯಾಕೋಬನ ಕನಸು, ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನ ಮಾರಿದ ಯೂದ. ಬಟ್ಟೆಯಲ್ಲಿ ಮನುಷ್ಯರನ್ನ, ಪ್ರಾಣಿಗಳನ್ನ, ನಕ್ಷತ್ರಗಳನ್ನ ಕತ್ತರಿಸಿ ಮೇಲೆ ಅಂಟಿಸಿದಂತೆ ಹೊಲಿದಿದ್ದಾಳೆ. ಹೀಗೆ ಕತ್ತರಿಸಿ ಹೊಲಿದ ತುಂಡುಗಳನ್ನ ಎಣಿಸಿದವರಿದ್ದಾರೆ, 299 ಇವೆಯಂತೆ. ಕೈ ಹೊಲಿಗೆಯೂ ಇದೆ, ಮಶಿನ್ ಹೊಲಿಗೆಯೂ ಇದೆ. 'ಅಪ್ಪಟ ಕೈಕೆಲಸ' ಅಂತ ಮಾರೋ ಈ ಕಾಲದ ಅಂಗಡಿಯವರಿಗೆ ಇದು ಹಿಡಿಸಲ್ಲ. ಅವಳಿಗೆ ಮಶಿನ್ ಸಿಕ್ಕಿತ್ತು, ಬಳಸಿದಳು.

ನನಗೆ ತುಂಬಾ ಇಷ್ಟವಾದದ್ದು ಅವಳ ಹಾವು. ಆ ಹಾವಿಗೆ ಕಾಲಿವೆ. ಯಾಕೆ ಅಂದ್ರೆ, ದೇವರು ಶಾಪ ಕೊಟ್ಟ ಮೇಲೆ ತಾನೇ ಅದು ಹೊಟ್ಟೆ ಮೇಲೆ ಹರಿದಾಡಿದ್ದು? ಅದಕ್ಕೆ ಮುಂಚೆ ಕಾಲು ಇರಲೇಬೇಕಲ್ಲ! ಕತೆಯನ್ನ ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರಿಗೆ ಮಾತ್ರ ಹೊಳೆಯೋ ವಿಷಯ ಇದು. ಕೋಡ್ ರಿವ್ಯೂನಲ್ಲಿ ಇಂಥವರೊಬ್ಬರು ಇದ್ರೆ ಅರ್ಧ ಬಗ್ ಕಮ್ಮಿ ಆಗುತ್ತೆ.

ಜೆನ್ನಿ ಸ್ಮಿತ್ ಅನ್ನೋ ಬಿಳಿಯ ಚಿತ್ರಕಲಾ ಶಿಕ್ಷಕಿ ಆ ಜಾತ್ರೆಯಲ್ಲಿ ಕೌದಿ ನೋಡಿ, ವಿಳಾಸ ಹುಡುಕಿಕೊಂಡು ಹೋಗಿ, ಕೊಡ್ತೀಯಾ ಅಂತ ಕೇಳಿದಳು. ಎಷ್ಟು ಕೊಟ್ಟರೂ ಇಲ್ಲ ಅಂದಳು ಹ್ಯಾರಿಯೆಟ್.

ನಾಲ್ಕು ವರ್ಷದ ಮೇಲೆ ಕಾಲ ಕೆಟ್ಟಿತು. ಈಗ ಹ್ಯಾರಿಯೆಟ್‌ಳೇ ಕೊಡೋಕೆ ತಯಾರು. ಗಂಡನ ಜೊತೆ ಎತ್ತಿನ ಗಾಡಿಯಲ್ಲಿ ಸ್ಮಿತ್ ಮನೆಗೆ ಬಂದಳು. ಕೌದಿ ತೊಡೆ ಮೇಲೆ. ಮೊದಲು ಶುಭ್ರವಾದ ಹಿಟ್ಟಿನ ಚೀಲ, ಅದರ ಮೇಲೆ ಒರಟು ಚೀಲ, ಎರಡು ಸುತ್ತು ಸುತ್ತಿದ್ದಳು. (ನಾನು ನನ್ನ ಕೌದಿಯನ್ನ ಟಿವಿಗೆ ಸುತ್ತಿದ್ದೆ.) ಹತ್ತು ಡಾಲರ್ ಅಂದಳು. ಸ್ಮಿತ್ ತನ್ನ ಹತ್ತಿರ ಐದೇ ಇದೆ ಅಂದಳು. ಹ್ಯಾರಿಯೆಟ್ ಹೊರಗೆ ಹೋಗಿ ಗಂಡನ ಜೊತೆ ಮಾತಾಡಿಕೊಂಡು ಬಂದು, ದಿನಮಾನ ಬಿಗಿಯಾಗಿದೆ, ಇಷ್ಟಕ್ಕೇ ಕೊಡು ಅಂತಾನೆ ಅವನು ಅಂತ ಹೇಳಿ ಕೊಟ್ಟಳು. ಕೊಡೋಕೆ ಮುಂಚೆ ಒಂದೊಂದು ಚೌಕವನ್ನೂ ತೋರಿಸಿ ಇದು ಇಂಥದ್ದು ಅಂತ ವಿವರಿಸಿದಳು. ಸ್ಮಿತ್ ಅದನ್ನೆಲ್ಲ ಬರೆದಿಟ್ಟಳು. ಹಾಗೆ ಬರೆದಿಟ್ಟದ್ದಕ್ಕೇ ಇವತ್ತು ನಮಗೆ ಹಾವಿನ ಕಾಲಿನ ಕತೆ ಗೊತ್ತು. ಸ್ಮಿತ್‌ಳನ್ನ ಬೈಯೋಕೆ ಹೊರಟವನು ನಾನು ಇಲ್ಲಿ ಸ್ವಲ್ಪ ತಡೆದುಕೊಂಡೆ.

ಆಮೇಲೂ ಹ್ಯಾರಿಯೆಟ್ ಎಷ್ಟೋ ಸಲ ಆ ಮನೆಗೆ ಬಂದು ಕೌದಿ ನೋಡಿಕೊಂಡು ಹೋದಳಂತೆ, ತವರಿನವರು ಕೊಟ್ಟ ಮಗಳನ್ನ ನೋಡೋಕೆ ಬಂದ ಹಾಗೆ. ಅವಳಿಗೆ ಕೊಂಚ ಸಮಾಧಾನ ಆದದ್ದು ಯಾವಾಗ ಅಂದ್ರೆ, ನನ್ನ ಮನೆಯ ಬಟ್ಟೆ ಚೂರು ಎಲ್ಲ ಇನ್ನು ಮೇಲೆ ನಿನಗೇ ಎತ್ತಿಡ್ತೀನಿ ಅಂತ ಸ್ಮಿತ್ ಮಾತು ಕೊಟ್ಟಾಗ. ಕೌದಿ ಹೊಲಿಯೋಳ ದಿನಚರಿ ಗೊತ್ತಿದ್ದವರಿಗೆ ಇದು ತಮಾಷೆ ಅನ್ನಿಸಲ್ಲ. ದಾರ, ಸೂಜಿ, ಹೊತ್ತು ಹೇಗೋ ಹೊಂದಿಸಬಹುದು. ಬಡವರ ಮನೆಯಲ್ಲಿ ಕಷ್ಟ ಇರೋದು ಚೂರಿಗೇ, ಯಾಕಂದ್ರೆ ಬಟ್ಟೆಯೇ ಕಮ್ಮಿ. ನಮ್ಮಾಯಿ ಟೇಲರ್ ಅಂಗಡಿ ಮುಂದೆ ನಿಂತು "ಚಿಂದಿ ಅದಾವೇನೋ ತಮ್ಮಾ" ಅಂತ ಕೇಳುವಾಗ ನನಗೆ ನಾಚಿಕೆಯಾಗಿ ಗೆಳೆಯರ ಹಿಂದೆ ಅಡಗಿಕೊಳ್ಳುತ್ತಿದ್ದೆ.

ಎರಡನೇ ಕೌದಿಯ ಕಾಲ 1895ರಿಂದ 98. ಮೊದಲನೆಯದು 1895ರ ಅಟ್ಲಾಂಟಾ ಹತ್ತಿ ಪ್ರದರ್ಶನದಲ್ಲಿತ್ತು, ಅದನ್ನ ನೋಡಿದ ಅಟ್ಲಾಂಟಾ ವಿಶ್ವವಿದ್ಯಾಲಯದ ಹೆಂಗಸರು ಇದನ್ನ ಹೇಳಿ ಮಾಡಿಸಿದರು ಅನ್ನೋ ಮಾತಿದೆ. ಇದರಲ್ಲಿ ಹದಿನೈದು ಚೌಕ. ಇತಿಹಾಸದ ಹುಚ್ಚು ಇರೋ ನನ್ನಂಥವರಿಗೆ ಇದೇ ಹೆಚ್ಚು. ಬೈಬಲ್ ಕತೆಗಳ ನಡುವೆ ಈಕೆ ನಿಜವಾಗಿ ನಡೆದ ಘಟನೆಗಳನ್ನ ಸೇರಿಸಿದ್ದಾಳೆ. 1780ರ ಮೇ 19ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ಹಗಲೇ ಕತ್ತಲಾಯಿತು. ಕಾಡ್ಗಿಚ್ಚಿನ ಹೊಗೆ ಅಂತ ಈಗ ಹೇಳುತ್ತಾರೆ. 1833ರ ನವೆಂಬರ್ 13ರಂದು ಉಲ್ಕೆಗಳ ಮಳೆ ಸುರಿಯಿತು. 1895ರ ಫೆಬ್ರುವರಿಯಲ್ಲಿ ಜನ ನಿಂತಲ್ಲೇ ಹೆಪ್ಪುಗಟ್ಟುವ ಚಳಿ ಬಿತ್ತು. ಮೂರನೆಯದನ್ನ ಮಾತ್ರ ಅವಳು ಕಂಡಿರಬಹುದು. ಮೊದಲೆರಡು ಅವಳು ಹುಟ್ಟೋಕೆ ಮುಂಚಿನವು. ಯಾರೋ ಹೇಳಿದ್ದು, ಅವರಿಗೆ ಇನ್ಯಾರೋ ಹೇಳಿದ್ದು, ಕೊನೆಗೆ ಬಟ್ಟೆಗೆ ಬಂತು. ಆಮೇಲೆ ಒಂದು ಚೌಕದಲ್ಲಿ ಬೆಟ್ಸ್ ಅನ್ನೋ ಹಂದಿ, ಜಾರ್ಜಿಯಾದಿಂದ ವರ್ಜೀನಿಯಾಕ್ಕೆ ಐನೂರು ಮೈಲಿ ಓಡಿಹೋದದ್ದು. ದಕ್ಷಿಣದಿಂದ ಉತ್ತರಕ್ಕೆ. ಗುಲಾಮರು ಓಡುತ್ತಿದ್ದ ದಿಕ್ಕೂ ಅದೇ ಅಂತ ಕೆಲವರು ಓದುತ್ತಾರೆ. ಅವಳು ಹಂದಿ ಅಂತಷ್ಟೇ ಹೇಳಿದ್ದು.

ಬಹಳ ವರ್ಷ ಎಲ್ಲರೂ ಅವಳನ್ನ ಓದುಬರಹ ಬಾರದವಳು ಅಂತಲೇ ಬರೆದರು. 2009ರಲ್ಲಿ ಅವಳ 1896ರ ಒಂದು ಪತ್ರದ ವಿಷಯ ಹೊರಬಂತು. ಬಿಳಿಯರ ಮಕ್ಕಳಿಂದ ಅಕ್ಷರ ಕಲಿತದ್ದು, ಹೊಲಿದ ಕೌದಿಗಳ ವಿವರ ಅದರಲ್ಲಿದೆ. ಎರಡಲ್ಲ, ಕಡಿಮೆ ಅಂದ್ರೂ ಐದು ಹೊಲಿದಿದ್ದಳು. ಅವಳ ಸಮಾಧಿ ಕಲ್ಲು ಸಿಕ್ಕಿದ್ದೂ ತಡವಾಗಿಯೇ, 2005ರ ಆಸುಪಾಸಿನಲ್ಲಿ. ಇದಕ್ಕೆ ಮುಂಚೆ ಇನ್ನೊಂದಾಗಿತ್ತು. 1992ರಲ್ಲಿ ಸ್ಮಿತ್‌ಸೋನಿಯನ್‌ನವರು ಅವಳ ಕೌದಿಯ ನಕಲು ಮಾಡೋಕೆ ಪರವಾನಗಿ ಕೊಟ್ಟರು, ಚೀನಾದಲ್ಲಿ ಹೊಲಿಸಿ ಮಾರಿದರು. ಅಮೆರಿಕದ ಕೌದಿ ಹೊಲಿಯುವ ಹೆಂಗಸರು ದೊಡ್ಡ ಗಲಾಟೆ ಮಾಡಿದರು. ಆ ಚೀನಾದ ಹೆಂಗಸರಿಗೆ ಎಷ್ಟು ಸಿಕ್ಕಿತೋ.

ಆಫ್ರಿಕಾದಿಂದ ಹೊತ್ತು ತಂದವರ ಕೌದಿ ನೋಡೋಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುತ್ತಾರೆ. ಅವರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದು, ತಪ್ಪಿಸಿಕೊಂಡು ಕಾಡು ಸೇರಿದವರು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರೋದು ಅವರ ಕ್ರಮ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ಬಟ್ಟೆ ಕೂರಿಸಬೇಕು, ಅದಕ್ಕೆ 'ಫೂಲ' ಅನ್ನುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಇದ್ದಂತೆ. ಇವರನ್ನೂ ಹ್ಯಾರಿಯೆಟ್‌ಳನ್ನೂ ಒಂದೇ 'ಆಫ್ರಿಕಾದ ರಕ್ತ' ಅಂತ ಕಟ್ಟಿಬಿಡೋದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಅಮೆರಿಕಕ್ಕೆ ಹೋದವರು ಹೆಚ್ಚಾಗಿ ಆಫ್ರಿಕಾದ ಪಶ್ಚಿಮದಿಂದ, ಇಲ್ಲಿಗೆ ಬಂದವರು ಹೆಚ್ಚಾಗಿ ಪೂರ್ವದಿಂದ. ಅದೂ ಅಲ್ಲದೆ ಸಿದ್ದಿಗಳಲ್ಲದ ನಮ್ಮಾಯಿಯೂ ಹೊಲಿಯುತ್ತಿದ್ದಳಲ್ಲ. ಚಳಿ, ಚಿಂದಿ, ಸೂಜಿ ಮೂರೂ ಇದ್ದ ಕಡೆ ಕೌದಿ ಹುಟ್ಟುತ್ತೆ. ಯಾರ ಕೌದಿ ಹೇಗಿದೆ ಅನ್ನೋದು ಬೇರೆ ಮಾತು.

ಹ್ಯಾರಿಯೆಟ್‌ಳ ಒಂದು ಫೋಟೋ ಇದೆ. ಸುಮಾರು ಅರವತ್ತು ವರ್ಷ, ನೇರ ನೋಟ, ಏಪ್ರನ್ನಿನ ಕೆಳಗಂಚಿನಲ್ಲಿ ಸೂರ್ಯ, ನಕ್ಷತ್ರದಂಥ ಆಕಾರಗಳು. ಆ ಹೊತ್ತಿಗೆ ಅವರ ಜಮೀನು ತುಂಡು ತುಂಡಾಗಿ ಕೈಬಿಡತೊಡಗಿತ್ತು. ನಮ್ಮಾಯಿಯದು ಫೋಟೋ ಇದೆ, ಓಟರ್ ಐಡಿಯದ್ದು. ಕೌದಿ ಇತ್ತು.

ಕಳೆದ ತಿಂಗಳು ಊರಿಗೆ ಹೋದಾಗ ಅವ್ವನಿಗೆ ನಿಜ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ರೊಟ್ಟಿ ತಟ್ಟೋದು ನಿಲ್ಲಿಸದೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದರಾಗ ನಿಮ್ಮಪ್ಪನ ಲಗ್ನದ ಧೋತರ ಇತ್ತು" ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಹೊಲೀತೀಯೇನವ್ವಾ, ಬಟ್ಟೆ ನಾನು ತರ್ತೀನಿ ಅಂದೆ. ಕಣ್ಣು ಮೊದಲಿನಂಗ ಇಲ್ಲ, ಸೂಜಿ ಪೋಣಿಸಿ ಕೊಟ್ಟರ ನೋಡ್ತೀನಿ ಅಂದಳು.

ಬೆಂಗಳೂರಿಗೆ ಬಂದು ಕಪಾಟು ತೆಗೆದು ನೋಡಿದ್ರೆ ಇರೋದೆಲ್ಲ ಕಂಪನಿ ಕೊಟ್ಟ ಟೀಶರ್ಟು. ಹನ್ನೆರಡು ಕಟ್ಟಿಟ್ಟು ಫೋನ್ ಮಾಡಿದೆ. "ಅವು ಆಗಂಗಿಲ್ಲ, ಜಗ್ಗತಾವು," ಅಂದಳು ಅವ್ವ. "ಹತ್ತಿ ಬಟ್ಟಿ ತಗೊಂಬಾ."