ಸ್ಕ್ಯಾನಿಂಗ್‌ಗೆ ಕೊಟ್ಟ ಔಷಧ ಮೈಯಿಂದ ಹೊರಗೆ ಹೋಗುತ್ತದೆಯೇ?

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆಯಿಂದ ಯಲಹಂಕ, ಹೆಬ್ಬಾಳಕ್ಕೆ ಸ್ಕ್ಯಾನಿಂಗ್‌ಗೆ ಹೋಗುವವರು ಈ ಮಾತು ಕೇಳಿರುತ್ತೀರಿ: ‘ಕಾಂಟ್ರಾಸ್ಟ್ ಹಾಕಬೇಕು, ಮೊದಲು ಕ್ರಿಯಾಟಿನಿನ್ ರಿಪೋರ್ಟ್ ತನ್ನಿ.’ ಕಾಸು ಕೀಳಲು ಇನ್ನೊಂದು ಟೆಸ್ಟ್ ಎಂದು ಬೈದುಕೊಳ್ಳುವವರೂ ಇದ್ದಾರೆ. ಆದರೆ ಆ ಟೆಸ್ಟ್ ಹಿಂದೆ ಹಳೆಯ ಕಥೆಯೊಂದಿದೆ.

ಒಳಗಿನ ರಕ್ತನಾಳ, ಗಡ್ಡೆ ಚಿತ್ರದಲ್ಲಿ ಎದ್ದು ಕಾಣಲಿ ಎಂದು ಕೊಡುವ ಔಷಧವೇ ಕಾಂಟ್ರಾಸ್ಟ್. 1930ರ ಸುಮಾರಿಗೆ ಜರ್ಮನಿಯಿಂದ ಥೊರೊಟ್ರಾಸ್ಟ್ ಬಂತು. ಅದರಲ್ಲಿ ಇದ್ದದ್ದು ಥೋರಿಯಂ ಡೈಆಕ್ಸೈಡಿನ ಅತಿ ಸಣ್ಣ ಕಣ. ಇಂದಿನ ಮಾತಲ್ಲಿ ನ್ಯಾನೊ ಕಣ. ಜಾತ್ರೆ, ಮದುವೆಯಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್‌ನಲ್ಲೂ ಥೋರಿಯಂ ಇರುತ್ತಿತ್ತು. ಎಕ್ಸ್‌ರೇ ಚಿತ್ರ ಬಲು ಚೆನ್ನಾಗಿ ಬರುತ್ತಿತ್ತು, ರೋಗಿಗೆ ಆ ಹೊತ್ತಿಗೆ ಏನೂ ಆಗುತ್ತಿರಲಿಲ್ಲ. ವೈದ್ಯರು ಮೆಚ್ಚಿದ್ದು ಇದಕ್ಕೇ. ಆದರೆ ಥೋರಿಯಂ ವಿಕಿರಣ ಸೂಸುವ ವಸ್ತು. ಆ ಕಣ ಮೂತ್ರದಲ್ಲಿ ಹೋಗದೆ ಲಿವರ್, ಗುಲ್ಮ, ಮೂಳೆಮಜ್ಜೆಯಲ್ಲಿ ಕೂತುಬಿಟ್ಟಿತು. ಇಪ್ಪತ್ತು ಮೂವತ್ತು ವರ್ಷದ ಮೇಲೆ ಎಷ್ಟೋ ಜನರಿಗೆ ಲಿವರ್ ಕ್ಯಾನ್ಸರ್ ಬಂತು. ಅಮೆರಿಕದ ವೈದ್ಯ ಸಂಘ 1932ರಲ್ಲೇ ಎಚ್ಚರಿಸಿತ್ತು. ಆದರೂ 1950ರ ದಶಕದವರೆಗೆ ಬಳಸಿದರು! ಒಮ್ಮೆ ಹಾಕಿಸಿಕೊಂಡವರ ಮೈಯಿಂದ ಅದನ್ನು ತೆಗೆಯುವ ದಾರಿಯೇ ಇರಲಿಲ್ಲ.

ಎಂಆರ್‌ಐ ಕಾಲಕ್ಕೆ ಗ್ಯಾಡೊಲಿನಿಯಂ ಬಂತು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಕಣವಲ್ಲ, ನೀರಲ್ಲಿ ಕರಗುವ ಔಷಧ. ಬಿಡಿ ಗ್ಯಾಡೊಲಿನಿಯಂ ವಿಷವಾದ್ದರಿಂದ ಇನ್ನೊಂದು ಅಣುವಿನೊಳಗೆ ಪಂಜರದಲ್ಲಿಟ್ಟಂತೆ ಕಟ್ಟಿ ಕೊಡುತ್ತಾರೆ. ಕಿಡ್ನಿ ಸರಿಯಿದ್ದರೆ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದ ಜೊತೆ ಹೋಗುತ್ತದೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಅದು ಉಳಿದು, ಚರ್ಮ ಗಟ್ಟಿಯಾಗಿ ಕೈಕಾಲು ಮಡಿಚಲಾಗದ ಕಾಯಿಲೆ ಬರಬಹುದು ಎಂದು 2006ರಲ್ಲಿ ಬಯಲಾಯಿತು. ಕ್ರಿಯಾಟಿನಿನ್ ಕೇಳುವುದು ಇದಕ್ಕೆ. ಸಿಟಿ ಸ್ಕ್ಯಾನ್‌ನ ಅಯೋಡಿನ್ ಔಷಧಕ್ಕೂ ಕಿಡ್ನಿ ನೋಡಲೇಬೇಕು. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಹಿಂದೆ ಅಲರ್ಜಿ ಆಗಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿಬಿಡಿ.

ವಿಜ್ಞಾನಿಗಳ ಕಣ್ಣು ಈಗ ಕಬ್ಬಿಣದ ಮೇಲಿದೆ. ಕಬ್ಬಿಣ ದೇಹಕ್ಕೆ ಹೊಸದಲ್ಲ, ರಕ್ತ ಮಾಡಿಕೊಳ್ಳಲು ಬೇಕಾದದ್ದೇ. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೇ ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಚಂದನ್ ಶ್ರೀವಾಸ್ತವ ಅವರ ತಂಡ ಗ್ರಾಫೀನ್ ಆಕ್ಸೈಡ್ ಎಂಬ ಇಂಗಾಲದ ತೆಳು ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣ ಕೂರಿಸಿತು. ಎಂಆರ್‌ಐಗೆ ಅದು ಬಲವಾಗಿ ಕೆಲಸ ಮಾಡುತ್ತದೆಂದು 2015ರಲ್ಲಿ ಪ್ರಕಟಿಸಿತು. ಬಲ ಹೆಚ್ಚಿದಷ್ಟೂ ಕಡಿಮೆ ಔಷಧ ಸಾಕಾದೀತು ಎಂಬುದು ಆಸೆ.

ಇದು ಪ್ರಯೋಗಾಲಯದ ಅಳತೆ. ಕಬ್ಬಿಣವನ್ನು ದೇಹ ಕರಗಿಸಿಕೊಂಡೀತು, ಆ ಹಾಳೆ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಮೊದಲು ಪ್ರಾಣಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು.