ಖಾಲಿ ಎನಿಸಿಕೊಂಡ ನೆಲ: ಹೈಡ್ ಕೌಂಟಿಯ ಸರೋವರ ಮತ್ತು ಶಾಲೆ

ಜನಸಾಂದ್ರತೆಯನ್ನು ತೋರಿಸುವ ಭೂಪಟಗಳಲ್ಲಿ ಜನ ಹೆಚ್ಚಿರುವ ಪ್ರದೇಶಕ್ಕೆ ಗಾಢ ಬಣ್ಣವನ್ನೂ ಕಡಿಮೆಯಿರುವ ಪ್ರದೇಶಕ್ಕೆ ತಿಳಿಬಣ್ಣವನ್ನೂ ಬಳಿಯುವುದು ರೂಢಿ. ಸಂಖ್ಯೆ ತೀರ ಇಳಿದಲ್ಲಿ ಬಣ್ಣವು ಕಾಗದದ ಬಿಳುಪಿನಲ್ಲೇ ಕರಗಿಹೋಗುತ್ತದೆ. ಮಹಾನಗರಗಳ ಒತ್ತಿನಲ್ಲಿ ಬದುಕುವ ನಮಗೆ ಅಂಥ ಬಿಳಿಯ ಜಾಗ ಖಾಲಿಯೆಂದೇ ತೋರುತ್ತದೆ. ಸರ್ಕಾರಿ ಕಡತಗಳಲ್ಲಿ ‘ವಿರಳ ಜನವಸತಿ’ ಎಂಬ ಎರಡು ಪದ ಬರೆದು ಮುಂದಿನ ಪುಟಕ್ಕೆ ಹೋಗುವ ಅಭ್ಯಾಸವೂ ನಮ್ಮಲ್ಲಿ ಕೆಲವರಿಗಿದೆ. ಖಾಲಿ ಎಂದು ತೀರ್ಮಾನಿಸಿದ ನೆಲದ ಮೇಲೆ ಯಾರು ಬೇಕಾದರೂ ಯೋಜನೆ ಹೂಡಬಹುದು ಎನ್ನುವುದು ಅದರ ಮುಂದಿನ ಹೆಜ್ಜೆ. ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಹೈಡ್ ಕೌಂಟಿಯಲ್ಲಿ ಈ ಹೆಜ್ಜೆಯನ್ನು ಒಮ್ಮೆ ಒಂದು ಸರೋವರದ ಮೇಲೆ, ಇನ್ನೊಮ್ಮೆ ಎರಡು ಶಾಲೆಗಳ ಮೇಲೆ ಇಡಲಾಯಿತು. ಎರಡೂ ಸಲ ಬಂದ ಉತ್ತರ ಯೋಜಕರು ನಿರೀಕ್ಷಿಸಿದ್ದಾಗಿರಲಿಲ್ಲ.

ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ತಾಲ್ಲೂಕು ಅಥವಾ ಸಣ್ಣ ಜಿಲ್ಲೆ ಎಂದುಕೊಳ್ಳಬಹುದು. ಹೈಡ್ ಕೌಂಟಿಯ ವಿಸ್ತಾರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ನೆಲದ ಪಾಲು ಸುಮಾರು 612 ಚದರ ಮೈಲಿ. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 4,589 ಮಂದಿ. ಚದರ ಮೈಲಿಗೆ ಎಂಟು ಜನರೂ ಇಲ್ಲ. ಪುರಸಭೆ ಎನ್ನಿಸಿಕೊಳ್ಳುವ ಒಂದು ಪಟ್ಟಣವೂ ಇಡೀ ಕೌಂಟಿಯಲ್ಲಿಲ್ಲ. ಆಡಳಿತ ಕೇಂದ್ರವಾದ ಸ್ವಾನ್ ಕ್ವಾರ್ಟರ್ ಕೂಡ ಒಂದು ಹಳ್ಳಿಯೇ.

ಮುಖ್ಯಭೂಮಿಗೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ಪ್ಯಾಮ್ಲಿಕೊ ಸೌಂಡ್ ಎಂಬ ವಿಶಾಲವಾದ, ಆಳವಿಲ್ಲದ ಹಿನ್ನೀರಿದೆ. ಅದರ ಆಚೆ ಸಾಗರವನ್ನು ತಡೆದು ನಿಂತಿರುವುದು ಮರಳಿನ ದ್ವೀಪಗಳ ತೆಳುವಾದ ಸಾಲು. ಆ ಸಾಲಿನಲ್ಲಿರುವ ಒಕ್ರಕೋಕ್ ದ್ವೀಪ 1845ರಿಂದ ಹೈಡ್ ಕೌಂಟಿಗೆ ಸೇರಿದೆ. ಕರಿಗಡ್ಡ ಎಂಬ ಅಡ್ಡಹೆಸರಿನ ಕಡಲುಗಳ್ಳ 1718ರಲ್ಲಿ ಹತನಾದದ್ದು ಅದರ ಸಮೀಪದ ನೀರಿನಲ್ಲಿಯೇ. ಆ ದ್ವೀಪದಿಂದ ಸ್ವಾನ್ ಕ್ವಾರ್ಟರಿಗೆ ಇಂದಿಗೂ ಸೇತುವೆಯಿಲ್ಲ. ನ್ಯಾಯಾಲಯದ ಕೆಲಸಕ್ಕೆ ಬರುವವರು ಎರಡೂವರೆ ಗಂಟೆಗೂ ಹೆಚ್ಚು ಕಾಲ ದೋಣಿಯಲ್ಲಿ ಕೂರಬೇಕು.

ಮುಖ್ಯಭೂಮಿಯ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರ. ಕೊಳೆತ ಸಸ್ಯಗಳಿಂದಾದ ಕಪ್ಪು ಮಣ್ಣು. ಬಸಿಗಾಲುವೆ ತೋಡಿದರೆ ಜೋಳ, ಸೋಯಾ, ಹತ್ತಿ ಚೆನ್ನಾಗಿ ಬರುತ್ತದೆ, ತೋಡದಿದ್ದರೆ ಅದು ಜೌಗು. ಕುಮಟೆ, ಅಂಕೋಲೆಯ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಬದುಕಿನ ಮೂಲಪಾಠ ಪರಿಚಿತವೇ: ಉಪ್ಪುನೀರನ್ನು ಹೊರಗಿಡಬೇಕು, ಮಳೆನೀರನ್ನು ಹೊರಹಾಕಬೇಕು, ಎರಡೂ ಒಂದೇ ಕಾಲುವೆಯಲ್ಲಿ ಆಗಬೇಕು. 1876ರ ಸೆಪ್ಟೆಂಬರಿನ ಬಿರುಗಾಳಿಯಲ್ಲಿ ಸ್ವಾನ್ ಕ್ವಾರ್ಟರಿನ ಮೆಥಡಿಸ್ಟ್ ಚರ್ಚಿನ ಮರದ ಕಟ್ಟಡ ಪ್ರವಾಹಕ್ಕೆ ಸಿಕ್ಕಿ ತೇಲಿಹೋಯಿತು. ಅದು ಹೋಗಿ ನಿಂತದ್ದು, ಚರ್ಚಿಗಾಗಿ ಮೊದಲು ಕೇಳಿದಾಗ ಮಾಲೀಕನು ಮಾರಲೊಲ್ಲದ ನಿವೇಶನದಲ್ಲಿ. ಆತ ಆ ಮೇಲೆ ಜಾಗವನ್ನು ಬರೆದುಕೊಟ್ಟನೆಂದು ಊರಿನವರು ಇಂದಿಗೂ ಹೇಳುತ್ತಾರೆ. ಅವರು ಅದನ್ನು ದೈವದ ಕೈ ಎಂದರು. ನೀರಿನ ಮಾತನ್ನು ಕೊನೆಗೆ ಕೇಳಲೇಬೇಕಾಗುತ್ತದೆ ಎಂಬ ಅನುಭವವೂ ಆ ಕತೆಯೊಳಗಿದೆ ಎಂದು ನಮಗೆ ತೋರುತ್ತದೆ.

ಕೌಂಟಿಯ ನಡುವೆ ಮ್ಯಾಟಮಸ್ಕೀಟ್ ಸರೋವರವಿದೆ. ಉತ್ತರ ಕ್ಯಾರೊಲೈನಾದ ನೈಸರ್ಗಿಕ ಸರೋವರಗಳಲ್ಲಿ ಇದೇ ದೊಡ್ಡದು: ಸುಮಾರು 40,000 ಎಕರೆ ಹರವು, 18 ಮೈಲಿ ಉದ್ದ. ಆದರೆ ಸರಾಸರಿ ಆಳ ಎರಡು ಮೂರು ಅಡಿ ಮಾತ್ರ. ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಇದರ ಸುತ್ತಲಿನ ನೆಲ ಎಂದೂ ನಿರ್ಜನವಾಗಿರಲಿಲ್ಲ. 1585ರಲ್ಲಿ ಇಂಗ್ಲಿಷ್ ತಂಡವೊಂದು ಈ ತೀರಕ್ಕೆ ಬಂದಾಗ ಜೊತೆಗಿದ್ದ ಚಿತ್ರಕಾರ ಜಾನ್ ವೈಟ್, ಪೊಮೆಯಾಕ್ ಎಂಬ ಮೂಲನಿವಾಸಿಗಳ ಊರನ್ನು ಬರೆದುಕೊಂಡ. ಮರದ ಕಂಬಗಳ ಆವರಣದೊಳಗೆ ದುಂಡಗೆ ನಿಂತ ಮನೆಗಳು, ನಡುವೆ ಉರಿಯುವ ಬೆಂಕಿ; ನೋಡಿದರೆ ನೆಲೆಯೂರಿದ ಸಂಸಾರಗಳ ಊರು. 1711ರಲ್ಲಿ ಆರಂಭವಾದ ಟಸ್ಕರೋರಾ ಯುದ್ಧದ ನಂತರ ಮ್ಯಾಟಮಸ್ಕೀಟ್ ಜನರಿಗೆ ಸರೋವರದ ಬಳಿ ಮೀಸಲು ಭೂಮಿ ದೊರೆಯಿತು. ಅದೇ ಶತಮಾನದಲ್ಲಿ ಅದು ತುಂಡುತುಂಡಾಗಿ ಬೇರೆಯವರ ಕೈ ಸೇರಿತು. ಸರೋವರಕ್ಕೆ ಅವರ ಹೆಸರು ಉಳಿಯಿತು.

19ನೆಯ ಶತಮಾನದಲ್ಲಿ ರಾಜ್ಯದ ಕಣ್ಣು ಈ ಜೌಗಿನ ಮೇಲೆ ಬಿತ್ತು. ಸಾರ್ವಜನಿಕ ಶಾಲೆಗಳಿಗಾಗಿ ಉತ್ತರ ಕ್ಯಾರೊಲೈನಾ 1825ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿತ್ತು. ಅದನ್ನು ನೋಡಿಕೊಳ್ಳುವ ಮಂಡಳಿಯ ಕೈಗೆ ರಾಜ್ಯದ ಜೌಗು ಭೂಮಿಯನ್ನೂ ಒಪ್ಪಿಸಲಾಯಿತು. ನೀರು ಬಸಿದು ನೆಲ ಮಾರಿದರೆ ಶಾಲೆಗೆ ಹಣ ಬರುತ್ತದೆಂಬುದು ಲೆಕ್ಕ. ಅದರಂತೆ 1830ರ ದಶಕದ ಕೊನೆಯಲ್ಲಿ ಸರೋವರದಿಂದ ಹಿನ್ನೀರಿನವರೆಗೆ ಉದ್ದನೆಯ ಕಾಲುವೆ ತೋಡಲಾಯಿತು. ಸರೋವರ ತನ್ನ ಹಳೆಯ ವಿಸ್ತಾರದ ದೊಡ್ಡ ಪಾಲನ್ನು ಕಳೆದುಕೊಂಡಿತು. ಕಾಲುವೆ ತೋಡಿದವರು ಗುಲಾಮರಾಗಿದ್ದ ಕರಿಯ ಜನ. ಅದೇ ದಶಕದ ಹೊಸ್ತಿಲಲ್ಲಿ ಆ ರಾಜ್ಯ, ಗುಲಾಮರಿಗೆ ಓದು ಬರಹ ಕಲಿಸುವುದನ್ನು ಅಪರಾಧವೆಂದು ಶಾಸನ ಮಾಡಿತ್ತು. ಶಾಲೆಯ ನಿಧಿಗಾಗಿ ಕೆಸರಿನಲ್ಲಿ ನಿಂತು ದುಡಿದವರಿಗೆ ಅಕ್ಷರ ನಿಷಿದ್ಧ. ಮುಂದೆ ಹೇಳಲಿರುವ ಶಾಲೆಯ ಪ್ರಸಂಗವನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಆ ಕಾಲುವೆ ಗುರುತ್ವವನ್ನು ನಂಬಿತ್ತು. ಸಮುದ್ರಮಟ್ಟಕ್ಕಿಂತ ಕೆಳಗಿನ ತಳವನ್ನು ಗುರುತ್ವವೊಂದೇ ಬರಿದು ಮಾಡಲಾರದು. ಅದಕ್ಕೆ ಯಂತ್ರ ಬೇಕು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಖಾಸಗಿ ಬಂಡವಾಳ ಯಂತ್ರವನ್ನೂ ತಂದಿತು. ಸರೋವರದ ದಂಡೆಯ ಮೇಲೆ ಕಲ್ಲಿದ್ದಲು ಉರಿಸುವ ಭಾರಿ ಪಂಪುಗಳ ಸ್ಥಾವರ ಎದ್ದಿತು. ನಿಮಿಷಕ್ಕೆ ಸುಮಾರು 12 ಲಕ್ಷ ಗ್ಯಾಲನ್ ನೀರೆತ್ತುವ ಅದು ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾಗಿತ್ತು. ಸರೋವರದ ತಳದಲ್ಲಿ ಹೊಸ ಊರು ಕಟ್ಟಿದರು. ಅದರ ಹೆಸರು ನ್ಯೂ ಹಾಲೆಂಡ್; ಸಮುದ್ರವನ್ನು ಹಿಂದೆ ತಳ್ಳಿದ ಡಚ್ಚರ ನೆನಪು ಆ ಹೆಸರಲ್ಲಿತ್ತು. ಅಲ್ಲಿಗೆ ರೈಲೂ ಬಂತು. ಮೀನು ಓಡಾಡುತ್ತಿದ್ದಲ್ಲಿ ನೇಗಿಲು ಓಡಾಡಿತು. ಬೆಳೆ ಸೊಗಸಾಗಿಯೇ ಬಂತು. ಕೊನೆಗೆ ಅದು ನ್ಯೂಯಾರ್ಕಿನ ಧನಿಕ ಆಗಸ್ಟ್ ಹೆಕ್ಷರ್ ಅವರ ಕೈ ಸೇರಿತು.

ಆದರೆ ಮಳೆ ನಿಲ್ಲಲಿಲ್ಲ, ಪಂಪನ್ನೂ ನಿಲ್ಲಿಸುವಂತಿರಲಿಲ್ಲ. ಮಳೆಗಾಲ ಜೋರಾದ ವರ್ಷ ಬೆಳೆ ಮುಳುಗುತ್ತಿತ್ತು, ಕಲ್ಲಿದ್ದಲಿನ ಖರ್ಚು ಮಾತ್ರ ಎಂದಿನಂತೆ ಉಳಿಯುತ್ತಿತ್ತು. ಒಬ್ಬರ ನಂತರ ಒಬ್ಬರು ಕೈಸುಟ್ಟುಕೊಂಡರು. ಮೂರು ಸಲ ಬರಿದಾದ ಸರೋವರ, 1932ರಲ್ಲಿ ಯೋಜನೆಯನ್ನು ಕೈಬಿಟ್ಟ ಮೇಲೆ ತಾನಾಗಿ ತುಂಬಿಕೊಂಡಿತು. 1934ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೊಂಡು ವಲಸೆ ಹಕ್ಕಿಗಳ ಧಾಮವಾಗಿಸಿತು. ಪಂಪಿನ ಸ್ಥಾವರ ಅತಿಥಿಗೃಹವಾಯಿತು. ಹೊಗೆಯುಗುಳುತ್ತಿದ್ದ ಚಿಮಣಿಯ ಒಳಗೆ ಮೆಟ್ಟಿಲು ಕೂರಿಸಿ ವೀಕ್ಷಣಾ ಗೋಪುರ ಮಾಡಿದರು. ಚಳಿಗಾಲದಲ್ಲಿ ಆರ್ಕ್ಟಿಕ್ ಕಡೆಯಿಂದ ಸಾವಿರಾರು ಬಿಳಿ ಹಂಸಗಳು ಇಲ್ಲಿಗೆ ಇಳಿಯುತ್ತವೆ. ನೀರನ್ನು ಓಡಿಸಲು ಕಟ್ಟಿದ ಗೋಪುರದಿಂದ, ನೀರಿಗಾಗಿ ಬಂದ ಹಕ್ಕಿಗಳನ್ನು ಜನ ನೋಡುವಂತಾಯಿತು.

ಇದು ಸರೋವರದ ಕತೆ. ಶಾಲೆಯ ಕತೆಗೆ ಪಂಪುಗಳ ಅಗತ್ಯ ಬೀಳಲಿಲ್ಲ. ಒಂದು ಆದೇಶ ಸಾಕಾಯಿತು. ವರ್ಣಭೇದದ ಶಾಲೆಗಳು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತ್ತು. ದಕ್ಷಿಣದ ರಾಜ್ಯಗಳು ವರ್ಷಗಟ್ಟಲೆ ಅದನ್ನು ಮುಂದೂಡಿದುವು. ಕೊನೆಗೆ ಪಾಲಿಸಲೇಬೇಕಾಗಿ ಬಂದಾಗ ಬಹುತೇಕ ಕಡೆ ಅನುಸರಿಸಿದ ದಾರಿ ಒಂದೇ: ಕರಿಯರ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ಬಿಳಿಯರ ಶಾಲೆಗಳಿಗೆ ಕಳಿಸುವುದು. ಕಾಗದದ ಮೇಲೆ ಇದು ಸಮಾನತೆ. ನೆಲದ ಮೇಲೆ, ಕರಿಯ ಮುಖ್ಯೋಪಾಧ್ಯಾಯರು ಹುದ್ದೆ ಕಳೆದುಕೊಂಡರು. ಶಾಲೆಯ ಹೆಸರು, ಅದರ ನೆನಪುಗಳು ಕಟ್ಟಡದೊಡನೆ ಹೋದುವು.

ಹೈಡ್ ಕೌಂಟಿಯಲ್ಲೂ 1968ರಲ್ಲಿ ಇದೇ ಯೋಜನೆ ಸಿದ್ಧವಾಯಿತು. ಸ್ವಾನ್ ಕ್ವಾರ್ಟರಿನ ಒ. ಎ. ಪೀ ಶಾಲೆ ಮತ್ತು ಎಂಗಲ್‌ಹಾರ್ಡಿನ ಡೇವಿಸ್ ಶಾಲೆ, ಎರಡನ್ನೂ ಮುಚ್ಚುವುದು. ಮಕ್ಕಳೆಲ್ಲ ಮ್ಯಾಟಮಸ್ಕೀಟ್ ಶಾಲೆಗೆ ಹೋಗುವುದು. ಕರಿಯ ತಂದೆತಾಯಿಗಳು ಇದನ್ನು ಒಪ್ಪಲಿಲ್ಲ. ಅವರು ಬೇರ್ಪಡಿಕೆಯನ್ನು ಬಯಸಿದವರಲ್ಲ. ಎರಡೂ ಜನಾಂಗದ ಮಕ್ಕಳು ಕೂಡಿ ಓದಲಿ, ಆದರೆ ತಮ್ಮ ಶಾಲೆಗಳಲ್ಲೂ ಓದಲಿ ಎಂಬುದು ಅವರ ಮಾತು. ಪೊಲೀಸರೂ ನ್ಯಾಯಾಲಯವೂ ಬ್ಯಾಂಕೂ ಬಿಳಿಯರ ಕೈಯಲ್ಲಿದ್ದ ಊರಿನಲ್ಲಿ, ತಮ್ಮದೆಂದು ಅವರು ಹೇಳಬಹುದಾಗಿದ್ದ ಸಂಸ್ಥೆಗಳು ಎರಡೇ: ಚರ್ಚು ಮತ್ತು ಶಾಲೆ.

ಆ ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಕರಿಯ ಮಕ್ಕಳಲ್ಲಿ ಬಹುಪಾಲು ಹೋಗಲೇ ಇಲ್ಲ. ಇಡೀ ಒಂದು ಶಾಲಾವರ್ಷ ಬಹಿಷ್ಕಾರ ನಡೆಯಿತು. ಚರ್ಚುಗಳಲ್ಲಿ ಪಾಠ ನಡೆದುವು. ಮಾರ್ಟಿನ್ ಲೂಥರ್ ಕಿಂಗ್ ಮುನ್ನಡೆಸಿದ್ದ ಸಂಘಟನೆಯ ಕಾರ್ಯಕರ್ತ ಗೋಲ್ಡನ್ ಫ್ರಿಂಕ್ಸ್ ಬೆಂಬಲಕ್ಕೆ ಬಂದರು. ಮಕ್ಕಳು ಮೆರವಣಿಗೆ ಹೊರಟರು, ನ್ಯಾಯಾಲಯದ ಕಟ್ಟಡದಲ್ಲಿ ಧರಣಿ ಕೂತರು, ಅಶ್ರುವಾಯು ಸಹಿಸಿದರು, ಬಂಧನಕ್ಕೊಳಗಾದರು. 1969ರಲ್ಲಿ ಎರಡು ಸಲ, ನೂರು ಮೈಲಿಗೂ ಆಚೆಯ ರಾಜಧಾನಿ ರಾಲಿಗೆ ಕಾಲ್ನಡಿಗೆಯ ಜಾಥಾ ಹೋಯಿತು.

ಇದಕ್ಕೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಒಂದು ವರ್ಷದ ಓದು ಮಕ್ಕಳ ಬಾಳಿನಲ್ಲಿ ಸಣ್ಣ ವಸ್ತುವಲ್ಲ. ಶಾಲೆ ಉಳಿಸಲು ಶಾಲೆ ಬಿಡುವುದು ಸರಿಯೇ ಎಂಬ ಪ್ರಶ್ನೆ ನಮಗೂ ಏಳುತ್ತದೆ. ಅಜ್ಜ ಮುತ್ತಜ್ಜರಿಗೆ ಅಕ್ಷರವನ್ನೇ ನಿಷೇಧಿಸಿದ್ದ ನೆಲದಲ್ಲಿ, ಶಾಲೆಯ ಬೆಲೆ ಏನೆಂಬುದನ್ನು ಆ ಮನೆಗಳು ನಮಗಿಂತ ಚೆನ್ನಾಗಿ ತಿಳಿದಿದ್ದುವು ಎಂಬುದಷ್ಟೇ ನಾವು ಕೊಡಬಹುದಾದ ಉತ್ತರ.

ತಿರುವು ಬಂದದ್ದು ಮತಪೆಟ್ಟಿಗೆಯಿಂದ. ಮ್ಯಾಟಮಸ್ಕೀಟ್ ಶಾಲೆಯನ್ನು ವಿಸ್ತರಿಸಲು ಸಾಲಪತ್ರಗಳ ಮೂಲಕ ಹಣವೆತ್ತುವ ಪ್ರಸ್ತಾಪವನ್ನು 1969ರ ನವೆಂಬರಿನಲ್ಲಿ ಮತಕ್ಕೆ ಹಾಕಲಾಯಿತು. ಮತದಾರರು ಅದನ್ನು ತಿರಸ್ಕರಿಸಿದರು. ಮತದಾರರಲ್ಲಿ ಬಿಳಿಯರೇ ಹೆಚ್ಚಾಗಿದ್ದ ಕೌಂಟಿಯಿದು. ಆದ್ದರಿಂದ ಅವರಲ್ಲೂ ಅನೇಕರು ವಿರುದ್ಧ ಮತ ಕೊಟ್ಟಿರಲೇಬೇಕು. ಕೆಲವರಿಗೆ ತೆರಿಗೆಯ ಭಯ, ಕೆಲವರಿಗೆ ದಣಿವು, ಕೆಲವರಿಗೆ ನೆರೆಯವರ ಮಾತಿನಲ್ಲಿ ನ್ಯಾಯ ಕಂಡಿದ್ದೂ ಇರಬಹುದು. ವಿಸ್ತರಣೆಗೆ ಹಣವಿಲ್ಲದಿದ್ದ ಮೇಲೆ ಪೀ ಮತ್ತು ಡೇವಿಸ್ ಶಾಲೆಗಳನ್ನು ಉಳಿಸಿಕೊಳ್ಳದೆ ದಾರಿಯಿರಲಿಲ್ಲ. ಅವು ಎರಡೂ ಜನಾಂಗದ ಮಕ್ಕಳ ಶಾಲೆಗಳಾಗಿ ಮುಂದುವರಿದುವು. ಇತಿಹಾಸಕಾರ ಡೇವಿಡ್ ಸೆಸೆಲ್ಸ್ಕಿ 1994ರಲ್ಲಿ ಈ ಚಳವಳಿಯ ಕುರಿತು ಒಂದು ಗ್ರಂಥವನ್ನೇ ಬರೆದರು.

ಇವು ಸುಖಾಂತದ ಕತೆಗಳಲ್ಲ. 1900ರಲ್ಲಿ ಒಂಬತ್ತು ಸಾವಿರ ದಾಟಿದ್ದ ಜನಸಂಖ್ಯೆ ಈಗ ಅದರ ಅರ್ಧದಷ್ಟಿದೆ. ಉಪ್ಪುನೀರು ಒಳನುಗ್ಗಿ ಕಾಡಿನ ಅಂಚುಗಳಲ್ಲಿ ಮರಗಳು ನಿಂತಲ್ಲೇ ಒಣಗಿವೆ. ಸರೋವರದ ನೀರು ಕದಡಿ, ಹಕ್ಕಿಗಳು ಮೇಯುತ್ತಿದ್ದ ನೀರೊಳಗಿನ ಹುಲ್ಲು ಈಚಿನ ದಶಕದಲ್ಲಿ ನಶಿಸಿಹೋಯಿತು. 2019ರ ಬಿರುಗಾಳಿ ಒಕ್ರಕೋಕ್ ದ್ವೀಪದ ಮನೆಗಳೊಳಗೆ ನೀರು ನುಗ್ಗಿಸಿತು. ಇನ್ನು ಇಲ್ಲಿ ಇಷ್ಟು ಖರ್ಚು ಏಕೆ, ಇಷ್ಟೇ ಜನರಲ್ಲವೇ ಎಂಬ ಮಾತು ಮತ್ತೆ ಕೇಳಿಬಂದರೆ ಆಶ್ಚರ್ಯವಿಲ್ಲ.

ಆ ಮಾತನ್ನು ನಾವೂ ಆಡಿದವರೇ. ಮಕ್ಕಳು ಕಡಿಮೆ ಎಂದು ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವ ಟಿಪ್ಪಣಿ, ಪ್ರಯಾಣಿಕರು ಕಡಿಮೆ ಎಂದು ಬಸ್ಸನ್ನು ನಿಲ್ಲಿಸುವ ಟಿಪ್ಪಣಿ, ಎರಡರ ಒಕ್ಕಣೆಯೂ ನಮ್ಮಂಥವರಿಗೆ ಬಾಯಿಪಾಠ. ಅಂಥ ಟಿಪ್ಪಣಿಯಲ್ಲಿ ಸಂಖ್ಯೆ ತಪ್ಪಿರುವುದಿಲ್ಲ. ಹೈಡ್ ಕೌಂಟಿಯ ಯೋಜಕರ ಸಂಖ್ಯೆಗಳೂ ತಪ್ಪಿರಲಿಲ್ಲ: ಎಕರೆ ಸರಿ, ಗ್ಯಾಲನ್ ಸರಿ, ಹಾಜರಿಯ ಲೆಕ್ಕವೂ ಸರಿ. ನೀರು ಎಲ್ಲಿಗೆ ಮರಳುತ್ತದೆ, ಜನ ಯಾವುದನ್ನು ತಮ್ಮದೆನ್ನುತ್ತಾರೆ ಎಂಬ ಎರಡು ಸಂಗತಿಗಳನ್ನು ಮಾತ್ರ ಅವರು ಅಲ್ಲಿಯವರನ್ನು ಕೇಳಿ ತಿಳಿದುಕೊಂಡಿರಲಿಲ್ಲ. ಮುಂದಿನ ಸಲ ‘ವಿರಳ ಜನವಸತಿ’ ಎಂದು ಬರೆಯುವ ಮೊದಲು, ಆ ವಿರಳ ಜನರಲ್ಲಿ ಒಬ್ಬಿಬ್ಬರೊಡನೆಯಾದರೂ ಮಾತಾಡಿ ಬರುವುದು ನಮಗೂ ಒಳ್ಳೆಯದು, ಕಡತಕ್ಕೂ ಒಳ್ಳೆಯದು.