ಗುಡಾರದ ಮೇಣ

ಸಂತ ಪೌಲರ ಕಸುಬು ಯಾವುದೆಂದು ಕೇಳಿದರೆ ನಮ್ಮ ಧರ್ಮೋಪದೇಶದ ತರಗತಿಯ ಮಕ್ಕಳೂ ಥಟ್ಟನೆ ಉತ್ತರ ಹೇಳುತ್ತಾರೆ. ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳೊಡನೆ ಅವರು ಗುಡಾರ ಕಟ್ಟುವ ಕೆಲಸ ಮಾಡುತ್ತಿದ್ದರೆಂಬುದು ಪ್ರೇಷಿತರ ಕಾರ್ಯಕಲಾಪಗಳ ಹದಿನೆಂಟನೆಯ ಅಧ್ಯಾಯದಲ್ಲಿದೆ. ಆದರೆ ಆ ಗುಡಾರದೊಳಗೆ ಮಳೆ ಸೋರದಂತೆ ತಡೆಯುತ್ತಿದ್ದುದು ಯಾವುದೆಂದು ನಾವು ಕೇಳಿಕೊಳ್ಳುವುದು ಅಪರೂಪ. ಪೌಲರ ಹುಟ್ಟೂರು ತಾರ್ಸ, ಕಿಲಿಕ್ಯ ಸೀಮೆಗೆ ಸೇರಿದ್ದು. ಆ ಸೀಮೆಯ ಮೇಕೆ ಕೂದಲಿನ ಒರಟು ಬಟ್ಟೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ ಲತೀನ್ ಭಾಷೆಯಲ್ಲಿ ಅದಕ್ಕೆ ಸೀಮೆಯ ಹೆಸರೇ ಅಂಟಿಕೊಂಡು 'ಸಿಲಿಸಿಯುಂ' ಎಂದಾಯಿತು. ವಿಮೋಚನಾಕಾಂಡದಲ್ಲಿ ಪವಿತ್ರ ಗುಡಾರದ ಮೇಲೆ ಹೊದಿಸಲು ಹೇಳಿದ ಹನ್ನೊಂದು ಪರದೆಗಳೂ ಮೇಕೆ ಕೂದಲಿನವೇ. ಬಿಸಿಲಿನಲ್ಲಿ ಈ ಬಟ್ಟೆಯ ಎಳೆಗಳ ನಡುವೆ ಗಾಳಿಯಾಡುತ್ತದೆ. ಮಳೆ ಬಿದ್ದೊಡನೆ ನೂಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಕೂದಲಿನಲ್ಲಿರುವ ಜಿಡ್ಡು ನೀರನ್ನು ಹೊರಗೇ ಜಾರಿಸುತ್ತದೆ. ಮರುಭೂಮಿಯ ಅಲೆಮಾರಿಗಳು ಇದಕ್ಕೆ ಬೇರೇನನ್ನೂ ಬಳಿಯಬೇಕಾಗಿರಲಿಲ್ಲ.

ಹತ್ತಿಯ ಕ್ಯಾನ್ವಾಸ್ ಗುಡಾರಗಳು ಬಂದ ಮೇಲೆ ತೊಂದರೆ ಶುರುವಾಯಿತು. ಹತ್ತಿಯೂ ನೆನೆದರೆ ಉಬ್ಬುತ್ತದೆ, ಆದರೆ ಅದಕ್ಕೆ ಸ್ವಂತ ಜಿಡ್ಡು ಸಾಲದು. ಮಳೆಯ ಹೊತ್ತಿನಲ್ಲಿ ಒಳಗಿನಿಂದ ಬೆರಳು ತಾಗಿಸಿದರೆ ಅಲ್ಲಿಂದಲೇ ನೀರು ಜಿನುಗುತ್ತದೆ. ಆದ್ದರಿಂದ ಬಟ್ಟೆಗೆ ಏನಾದರೂ ಕುಡಿಸಬೇಕಾಯಿತು. ಪಟಿಕ ಮತ್ತು ಸೀಸದ ಲವಣವನ್ನು ನೀರಿನಲ್ಲಿ ಬೆರೆಸಿ, ಅಡಿಯಲ್ಲಿ ನಿಂತ ಬಿಳಿ ಗಷ್ಟನ್ನು ಬಿಟ್ಟು ತಿಳಿಯನ್ನು ಮಾತ್ರ ಬಟ್ಟೆಗೆ ಕುಡಿಸುವುದು ಒಂದು ಹಳೆಯ ಕ್ರಮ. ಅಗಸೆ ಎಣ್ಣೆ ಬಳಿಯುವುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲೆಣ್ಣೆಯಿಂದ ಪ್ಯಾರಾಫಿನ್ ಮೇಣ ಅಗ್ಗವಾಗಿ ಸಿಗತೊಡಗಿದ ಮೇಲೆ ಅದರ ಬಳಕೆ ಹೆಚ್ಚಿತು. ಮೇಣವನ್ನು ಟರ್ಪೆಂಟೈನಿನಲ್ಲೋ ಪೆಟ್ರೋಲಿನಲ್ಲೋ ಕರಗಿಸಿ ಬಳಿದರೆ ದ್ರಾವಕ ಆರಿಹೋಗಿ ಮೇಣ ಉಳಿಯುತ್ತದೆ. ಆದರೆ ಅದು ಶಾಶ್ವತವಲ್ಲ. ಮಡಿಸಿದ ಗೆರೆಗಳಲ್ಲಿ ಮೇಣ ಬಿರಿಯುತ್ತದೆ, ಬಿಸಿಲು ಅದನ್ನು ಸವೆಸುತ್ತದೆ, ಸಾಬೂನು ಹಚ್ಚಿ ತೊಳೆದರೆ ಇದ್ದದ್ದೂ ಹೋಗುತ್ತದೆ. ಹಾಗಾಗಿ ಹಳೆಯ ಗುಡಾರಕ್ಕೆ ಆಗಾಗ ಮತ್ತೆ ಬಳಿಯಲೇಬೇಕು. ಆಷಾಢದಲ್ಲಿ ಹಬ್ಬದ ಚಪ್ಪರಕ್ಕೆ ಟಾರ್ಪಾಲು ಕಟ್ಟಿಸಿದ ಯಾವ ಗುರುವಿಗೂ ಈ ಸೋರುವಿಕೆಯ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರಕ್ಕೆ 1944ರ ಜುಲೈಯಲ್ಲಿ ಬಂದ ರಿಂಗ್ಲಿಂಗ್ ಸಹೋದರರ ಸರ್ಕಸ್ಸಿನ ದೊಡ್ಡ ಗುಡಾರಕ್ಕೂ ಹೀಗೆಯೇ ಬಳಿದಿದ್ದರು. ಸುಮಾರು 1,800 ಪೌಂಡು ಪ್ಯಾರಾಫಿನ್, ಅದನ್ನು ತೆಳುವಾಗಿಸಲು ಸುಮಾರು 6,000 ಗ್ಯಾಲನ್ ಪೆಟ್ರೋಲು. ನೀರನ್ನೂ ಬೆಂಕಿಯನ್ನೂ ಒಟ್ಟಿಗೆ ತಡೆಯುವ ಲೇಪನ ಆಗಲೇ ಇತ್ತು. ಆದರೆ ಅದು ಯುದ್ಧದ ಕಾಲ. ಅಂಥ ಲೇಪನ ಮೊದಲು ಸೈನ್ಯಕ್ಕೇ ಹೋಗುತ್ತಿತ್ತು, ತಮಗೆ ಸಿಗಲಿಲ್ಲ ಎಂಬುದು ಸರ್ಕಸ್ಸಿನವರ ವಾದ. ವಾದದಲ್ಲಿ ಸತ್ಯವಿದ್ದಿರಬಹುದು. ಆದರೂ ಸಾವಿರಾರು ಜನರನ್ನು ಮೇಣದ ಮಾಡಿನ ಕೆಳಗೆ ಕೂರಿಸುವ ಮೊದಲು ಹೊರದಾರಿಗಳನ್ನಾದರೂ ತೆರವಾಗಿ ಇಟ್ಟಿರಬಹುದಿತ್ತಲ್ಲವೇ?

ಜುಲೈ 6, ಗುರುವಾರ, ಸುಡುಬಿಸಿಲಿನ ಮಧ್ಯಾಹ್ನ. ಗಂಡಸರು ಯುದ್ಧದಲ್ಲಿ, ಕಾರ್ಖಾನೆಗಳಲ್ಲಿ. ಹಾಗಾಗಿ ಗುಡಾರದೊಳಗೆ ತಾಯಂದಿರೂ ಮಕ್ಕಳೂ ಅಜ್ಜಿಯರೂ ಹೆಚ್ಚು. ಸಿಂಹಗಳ ಆಟ ಮುಗಿದು, ವಾಲೆಂಡಾ ಕುಟುಂಬದವರು ಎತ್ತರದ ತಂತಿಯ ಆಟಕ್ಕೆ ಅಣಿಯಾಗಿದ್ದರು. ಆಗ ಪಕ್ಕದ ಗೋಡೆಬಟ್ಟೆಯ ಮೇಲೆ ಸಣ್ಣದೊಂದು ಜ್ವಾಲೆ ಕಾಣಿಸಿತು. ವಾದ್ಯತಂಡದ ನಾಯಕ ಮರ್ಲ್ ಇವಾನ್ಸ್ ಕೂಡಲೇ ನುಡಿಸುತ್ತಿದ್ದ ಗತ್ತನ್ನು ಬದಲಿಸಿ ಒಂದು ಸೈನಿಕ ನಡಿಗೆಯ ರಾಗವನ್ನು ಎತ್ತಿಸಿದ. ಸರ್ಕಸ್ಸಿನ ಮಂದಿಗೆ ಅದು ಅಪಾಯದ ಗುಟ್ಟಿನ ಸೂಚನೆ. ಜ್ವಾಲೆ ಮಾಡಿಗೆ ಹತ್ತಿದ ಮೇಲೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ. ಕರಗಿದ ಮೇಣ ಉರಿಯುತ್ತಾ ಜನರ ಮೇಲೆ ಹನಿಹನಿಯಾಗಿ ಸುರಿಯಿತು. ಮೃಗಗಳನ್ನು ಸಾಗಿಸುವ ಕಬ್ಬಿಣದ ಸುರಂಗಗಳು ಹೊರದಾರಿಗೆ ಅಡ್ಡಲಾಗಿದ್ದವು. ಅವನ್ನು ಹತ್ತಿ ದಾಟಲಾಗದೆ ಜನ ಒಬ್ಬರ ಮೇಲೊಬ್ಬರು ಬಿದ್ದರು. ಗುಡಾರ ಕುಸಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಸತ್ತವರು 167 ಅಥವಾ 168, ಎಣಿಕೆ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಮುಂದೆ ಸರ್ಕಸ್ಸಿನ ಕೆಲವು ಅಧಿಕಾರಿಗಳು ತಪ್ಪಿತಸ್ಥರೆಂದು ತೀರ್ಪಾಯಿತು, ಬಳಿಕ ಕ್ಷಮಾದಾನವೂ ದೊರೆಯಿತು. ನೊಂದವರ ಪರಿಹಾರವನ್ನು ಸಂಸ್ಥೆ ಮುಂದಿನ ವರ್ಷಗಳ ಗಳಿಕೆಯಿಂದ ತೀರಿಸಿತು. ಬೆಂಕಿ ಹೇಗೆ ಹತ್ತಿತೆಂಬುದು ನಿಶ್ಚಯವಾಗಿಲ್ಲ. ತಾನೇ ಹಚ್ಚಿದೆನೆಂದು 1950ರಲ್ಲಿ ಒಬ್ಬ ಒಪ್ಪಿಕೊಂಡು, ಆಮೇಲೆ ಮಾತು ಹಿಂತೆಗೆದುಕೊಂಡ. ಮೇಣದ ಪಾಲಿನ ಬಗ್ಗೆ ಮಾತ್ರ ಯಾರಿಗೂ ಸಂದೇಹ ಉಳಿಯಲಿಲ್ಲ.

ನಮಗೂ ಇದು ದೂರದ ಕಥೆಯಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಗುಡಾರ ಹೊತ್ತಿ ಉರಿದಾಗ ತೊಂಬತ್ತಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು.

ಇಂದು ಅಂಗಡಿಗಳಲ್ಲಿ ಸಿಲಿಕೋನಿನ, ಅಕ್ರಿಲಿಕ್ಕಿನ ಲೇಪನಗಳು ಸಿಗುತ್ತವೆ, ನೀರಿನಲ್ಲಿ ಕದಡಿದವೂ ಇವೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕ್ಯಾನ್ವಾಸ್ ಇದ್ದರೆ ಮೊದಲು ಬೂಷ್ಟನ್ನು ಬ್ರಷ್ಷಿನಿಂದ ಉಜ್ಜಿ, ಬರಿಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಬಳಿಯಿರಿ. ಪೆಟ್ರೋಲು ಬೆರೆಸಿದ ಮೇಣದ ಹಳೆಯ ಪಾಕವನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ.

ಹಾರ್ಟ್‌ಫರ್ಡಿನ ಶವಾಗಾರದಲ್ಲಿ ಒಬ್ಬ ಪುಟ್ಟ ಹುಡುಗಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಮುಖ ಸುಟ್ಟಿರಲಿಲ್ಲ, ಆದರೂ ಗುರುತು ಸಿಗಲಿಲ್ಲ. 1565 ಎಂಬ ಸಂಖ್ಯೆಯೇ ಅವಳ ಹೆಸರಾಯಿತು. ತನಿಖೆ ನಡೆಸಿದ ಇಬ್ಬರು ಪೊಲೀಸರು, ಥಾಮಸ್ ಬಾರ್ಬರ್ ಮತ್ತು ಎಡ್ವರ್ಡ್ ಲೋ, ಅವಳ ಸಮಾಧಿಗೆ ಪ್ರತಿವರ್ಷವೂ ಹೂವು ತರುತ್ತಿದ್ದರು, ಕ್ರಿಸ್ಮಸ್ಸಿಗೂ ತಪ್ಪಿಸುತ್ತಿರಲಿಲ್ಲ. 1991ರಲ್ಲಿ ಅಧಿಕಾರಿಗಳು ಅವಳಿಗೆ ಒಂದು ಹೆಸರನ್ನು ನಿಶ್ಚಯಿಸಿದರು. ಆ ಗುರುತನ್ನು ಒಪ್ಪದವರು ಈಗಲೂ ಇದ್ದಾರೆ.